ಹೋದ ವರ್ಷದ ಮೇಡಂ ಎಲ್ಲಿ?

ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವವರು ವಾರದಲ್ಲಿ ಎರಡು ದಿನ ತರಗತಿಗೆ ಬರುವುದಿಲ್ಲ. ಒಬ್ಬಳು ಬಾಲಮಂದಿರಕ್ಕೆ ಹೋಗುತ್ತಾಳೆ, ಒಬ್ಬ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ, ಇನ್ನಿಬ್ಬರು ಹತ್ತಿರದ ಗ್ರಾಮ ಪಂಚಾಯಿತಿಗೆ, ಮಾನವ ಸಂಪನ್ಮೂಲ ಆಯ್ದುಕೊಂಡವರು ಕಾರ್ಖಾನೆಗೆ. ಪಠ್ಯಕ್ರಮದಲ್ಲಿ ಇದಕ್ಕೆ ಕ್ಷೇತ್ರಕಾರ್ಯ ಎಂದು ಹೆಸರು. ವಿಭಾಗದಲ್ಲಿ ಎಲ್ಲರೂ ಫೀಲ್ಡ್‌ವರ್ಕ್ ಎಂದೇ ಅನ್ನುತ್ತೇವೆ. ಸಮಾಜಕಾರ್ಯದಲ್ಲಿ ಕಲಿಯಬೇಕಾದ ಬಹುಪಾಲು ಇರುವುದು ಆ ಎರಡು ದಿನಗಳಲ್ಲೇ. ಉಳಿದ ದಿನಗಳ ಪಾಠ ಅದಕ್ಕೆ ಆಸರೆ.

ಆ ಎರಡು ದಿನಗಳ ಹೊಣೆ ಯಾರದು? ಎಷ್ಟೋ ವಿಭಾಗಗಳಲ್ಲಿ ಕಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟು. ನಿವೃತ್ತರಾದವರ ಜಾಗ ಖಾಲಿಯೇ ಉಳಿದಿದೆ. ಹಾಗಾಗಿ ಹೆಚ್ಚಿನ ವಿದ್ಯಾರ್ಥಿಗಳು ಅತಿಥಿ ಉಪನ್ಯಾಸಕರ ಪಾಲಿಗೆ ಬರುತ್ತಾರೆ. ನಾನೂ ಅವರಲ್ಲಿ ಒಬ್ಬಳು. ಪ್ರತಿ ವರ್ಷ ಹೊಸ ಅರ್ಜಿ, ಮೂಲ ದಾಖಲೆಗಳ ಪರಿಶೀಲನೆ, ಸಂದರ್ಶನ, ಆದೇಶ. ನಮ್ಮ ಸಂಬಳದ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಬರಲೇಬೇಕು. ಈ ವ್ಯವಸ್ಥೆಯಿಂದ ನಮ್ಮ ವಿಷಯದ ಪಾಠಕ್ಕೇ ಆಗುತ್ತಿರುವ ಹಾನಿಯ ಬಗ್ಗೆ ಮಾತ್ರ ಯಾರೂ ಹೇಳುತ್ತಿಲ್ಲ. ನನಗೆ ಹೇಳಬೇಕಿರುವುದು ಅದು.

ಫೀಲ್ಡ್‌ವರ್ಕ್ ವರದಿಯೊಂದನ್ನು ತಿದ್ದುವುದೆಂದರೆ ಏನೆಂದು ಮೊದಲು ಹೇಳಬೇಕು. ಒಬ್ಬ ವಿದ್ಯಾರ್ಥಿನಿ ಬರೆದಿದ್ದಳು: "ಮಹಿಳೆಗೆ ವಿಧವಾ ವೇತನದ ಕುರಿತು ಸೂಕ್ತ ಮಾರ್ಗದರ್ಶನ ನೀಡಲಾಯಿತು." ತಪ್ಪಿಲ್ಲದ ವಾಕ್ಯ. ಅಂಥ ವಾಕ್ಯಕ್ಕೆ ಸಹಿ ಹಾಕಿ ಕಳಿಸಬಹುದು. ಅವಳನ್ನು ಕೂರಿಸಿಕೊಂಡು ಕೇಳಿದೆ.

"ಅವರು ಎಲ್ಲಿ ಕುಂತಿದ್ರು?"

"ಕಟ್ಟಿ ಮ್ಯಾಲ್ರೀ ಮೇಡಂ."

"ನೀನು?"

"ನಾ ನಿಂತೇ ಇದ್ದೇರಿ."

"ಅವರು ಏನಂದ್ರು?"

ಅದು ಅವಳಿಗೆ ನೆನಪಿರಲಿಲ್ಲ. ಅವರು ಮಾತಾಡಿದ್ದರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಮುಂದಿನ ವಾರ ಹೋದವಳು ಕಟ್ಟೆಯ ಮೇಲೆ ಕೂತು ಬಂದಳು. ಅದರ ಮುಂದಿನ ವಾರ ಆ ತಾಯಿ ಜೋಳ ಹಸನು ಮಾಡುವಾಗ ಜೊತೆಗೆ ಮೊರ ಹಿಡಿದಳು. ಹೀಗೇ ಕೆಲವು ವಾರ ಕಳೆದ ಮೇಲೆ ನಿಜ ಹೊರಬಂತು. ನಿಂತುಹೋಗಿದೆ ಎಂದುಕೊಂಡಿದ್ದ ವೇತನ ನಿಂತೇ ಇರಲಿಲ್ಲ. ಮಗನಿಗೆ ತಿಳಿಸದೆ ಆಕೆ ಒಂದು ಸಂಘದ ಸಾಲ ತೆಗೆದಿದ್ದರು. ಅದಕ್ಕಾಗಿ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಾಗ ಆಧಾರ್ ಅಲ್ಲಿಗೆ ಜೋಡಣೆಯಾಗಿತ್ತು. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಕೊನೆಗೆ ಜೋಡಣೆಯಾದ ಖಾತೆಗೇ ಹೋಗುತ್ತದೆ. ಆ ಪಾಸ್‌ಬುಕ್ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿತ್ತು. ಹಳೆಯ ಪಾಸ್‌ಬುಕ್ ತೋರಿಸಿ ಪಂಚಾಯಿತಿಗೂ ನಾಡಕಚೇರಿಗೂ ಅಲೆದರೆ ಉತ್ತರ ಸಿಗುವುದಾದರೂ ಹೇಗೆ? ಸಾಲದ ಗುಟ್ಟು ಬಿಟ್ಟುಕೊಡದೆ ಖಾತೆಯ ಗುಟ್ಟು ಬಿಡಿಸುವಂತಿರಲಿಲ್ಲ. ಗುಟ್ಟು ಹೇಳಲು ಆಕೆಗೆ ನಂಬಿಕೆ ಬರಬೇಕಿತ್ತು, ನಂಬಿಕೆಗೆ ವಾರಗಳು ಬೇಕಿದ್ದವು.

ಇದೇ ನಮ್ಮ ಪಾಠ. ಒಬ್ಬೊಬ್ಬ ವಿದ್ಯಾರ್ಥಿಯ ಜೊತೆ ಕೂತು ವರದಿ ಬಿಡಿಸಿ ನೋಡುವ ಈ ಹೊತ್ತಿಗೆ ಐ.ಸಿ. ಎನ್ನುತ್ತೇವೆ, ಗುಂಪಾಗಿ ಕೂತರೆ ಜಿ.ಸಿ. ಇದರ ಜೊತೆಗೆ ಸಂಸ್ಥೆಗಳಿಗೆ ಭೇಟಿ ಕೊಡಬೇಕು, ಅಲ್ಲಿನ ಅಧಿಕಾರಿಗಳ ಜೊತೆ ಮಾತಾಡಬೇಕು, ಹೆದರಿದ ಹುಡುಗನಿಗೆ ರಾತ್ರಿ ಫೋನಿನಲ್ಲಿ ಧೈರ್ಯ ಹೇಳಬೇಕು. ನಾನು ಕೆಲಸ ಮಾಡಿದ ಕಡೆ ತಿಂಗಳ ಬಿಲ್ಲಿನಲ್ಲಿ ಲೆಕ್ಕಕ್ಕೆ ಬರುವುದು ವೇಳಾಪಟ್ಟಿಯಲ್ಲಿರುವ ಥಿಯರಿ ಗಂಟೆಗಳು. ಫೀಲ್ಡ್‌ವರ್ಕಿಗೆ ಒಂದು ಸಣ್ಣ ಅಂಕಿ, ಬಸ್ ಚಾರ್ಜು ಕೈಯಿಂದ. ಹೀಗಿದ್ದಾಗ "ಮಾರ್ಗದರ್ಶನ ನೀಡಲಾಯಿತು" ಎಂಬಲ್ಲಿಗೇ ಸಹಿ ಹಾಕುವ ಅಧ್ಯಾಪಕರು ಹೆಚ್ಚಾದರೆ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅವರಲ್ಲಿ ಕೆಲವರು ಸಂಜೆ ಇನ್ನೊಂದು ಕಾಲೇಜಿಗೆ ಓಡಬೇಕು.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ವ್ಯಕ್ತಿಗತ ಸಮಾಜಕಾರ್ಯದಲ್ಲಿ ಕೊನೆಯದೊಂದು ಹಂತವಿದೆ, ಸಂಬಂಧವನ್ನು ಮುಗಿಸುವ ಹಂತ. ಕೆಲಸ ಯಾವಾಗ ಮುಗಿಯುತ್ತದೆಂದು ಆ ವ್ಯಕ್ತಿಗೆ ಬಹಳ ಮೊದಲೇ ತಿಳಿಸಬೇಕು, ಮನಸ್ಸು ಅಣಿಯಾಗಲು ಸಮಯ ಕೊಡಬೇಕು, ಮುಂದೆ ನೋಡಿಕೊಳ್ಳುವವರಿಗೆ ಎಲ್ಲವನ್ನೂ ಒಪ್ಪಿಸಬೇಕು. ಹೇಳದೆ ಕೇಳದೆ ಎದ್ದು ಹೋಗುವುದು ಈ ವೃತ್ತಿಯಲ್ಲಿ ದೊಡ್ಡ ಅಪರಾಧ. ಇದನ್ನು ನಾವು ಪಾಠ ಮಾಡುತ್ತೇವೆ, ಪರೀಕ್ಷೆಯಲ್ಲಿ ಕೇಳುತ್ತೇವೆ. ಆದರೆ ಸೆಮಿಸ್ಟರ್ ಮುಗಿಯುತ್ತಲೇ ನಮ್ಮ ಆದೇಶವೂ ಮುಗಿಯುತ್ತದೆ. ಮುಂದಿನ ಆದೇಶ ಯಾವ ತಿಂಗಳಿಗೆ, ಯಾರ ಹೆಸರಿಗೆ ಎಂಬುದು ತಿಳಿಯದು. ವಿದ್ಯಾರ್ಥಿಗಳನ್ನು ಬೇರೊಬ್ಬರಿಗೆ ಹಂಚುತ್ತಾರೆ. ಊರಿಗೆ ಯಾರೂ ಹೇಳಿಹೋಗುವುದಿಲ್ಲ.

ನಾನು ಹೊಸದಾಗಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದ ಒಂದು ಊರಿನಲ್ಲಿ, ಅಂಗನವಾಡಿ ಮುಂದೆ ಕೂತಿದ್ದ ಹೆಂಗಸರು ಮೊದಲು ಕೇಳಿದ್ದು, "ಹ್ವಾದ ವರ್ಸ ಬಂದಿದ್ದ ಅಕ್ಕಾರು ಎಲ್ಲಿ ಹೋದ್ರು?" ಎಂದು. ಆ ಅಕ್ಕಾರು ಮನೆ ಮನೆ ಸುತ್ತಿ ಶೌಚಾಲಯದ ಸಮೀಕ್ಷೆ ಮಾಡಿಸಿದ್ದರಂತೆ. ಪಟ್ಟಿ ಪಂಚಾಯಿತಿಗೆ ಕೊಡುವ ಹೊತ್ತಿಗೆ ಅವರ ಅವಧಿ ಮುಗಿದಿತ್ತು. "ನೀವೂ ಪಟ್ಟಿ ಬರ್ಕೊಂಡು ಹೋಗಾಕ ಬಂದೀರೇನು?" ಎಂದು ಒಬ್ಬರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ರೂಢಿಯಾದ ಬೇಸರವಿತ್ತು. ಆ ಊರಿನಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಲೋಟ ನೀರು ಕೊಡುವಷ್ಟು ಸಲಿಗೆ ಬೆಳೆಯಲು ಇಡೀ ಸೆಮಿಸ್ಟರ್ ಹಿಡಿಯಿತು.

ಈ ವೃತ್ತಿಯ ಚರಿತ್ರೆಯೇ ಬೇರೆ ಮಾತು ಹೇಳುತ್ತದೆ. ಜೇನ್ ಆ್ಯಡಮ್ಸ್ 1889ರಲ್ಲಿ ಶಿಕಾಗೋದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ತೆರೆದವರು, 1935ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮನೆ ಮಾಡಿಕೊಂಡಿದ್ದರು. ಮುಂಬೈನ ನಾಗಪಾಡಾದಲ್ಲಿ 1920ರ ದಶಕದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ನೆರೆಹೊರೆ ಕೇಂದ್ರವೊಂದನ್ನು ನಡೆಸಿದರು. ಜನರ ನಡುವೆ ವರ್ಷಗಟ್ಟಲೆ ಕೂತ ಆ ಅನುಭವದಿಂದಲೇ 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಹುಟ್ಟಿದ್ದು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಅವರೆಲ್ಲ ಮೊದಲು ನೆಲೆ ನಿಂತರು, ಆಮೇಲೆ ಕಲಿಸಿದರು. ನೆಲೆ ನಿಲ್ಲಲು ಬಿಡದ ಆದೇಶ ಕೊಟ್ಟು ಅದೇ ವಿದ್ಯೆಯನ್ನು ಕಲಿಸಿರೆಂದರೆ ಹೇಗೆ ಸಾಧ್ಯ?

ಮಾನವ ಸಂಪನ್ಮೂಲದ ವಿದ್ಯಾರ್ಥಿಗಳಿಗೆ ನಾನು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯನ್ನು ಪಾಠ ಮಾಡಿದ್ದೇನೆ. ಕಂಪನಿಯ ಕಾಯಂ ನೌಕರ ಮಾಡುವ ಕೆಲಸವನ್ನೇ ಗುತ್ತಿಗೆ ಕಾರ್ಮಿಕನೂ ಮಾಡುತ್ತಿದ್ದರೆ ಅಷ್ಟೇ ಕೂಲಿ ಕೊಡಬೇಕೆಂದು ಅದರ ನಿಯಮಗಳಲ್ಲಿತ್ತು. "ಇದು ನಿಮಗೂ ಬರ್ತದೇನ್ರಿ ಮೇಡಂ?" ಎಂದು ಒಬ್ಬ ಹುಡುಗ ಕೇಳಿದ. ಬರುವುದಿಲ್ಲ, ನಮ್ಮ ಮತ್ತು ವಿಶ್ವವಿದ್ಯಾಲಯದ ನಡುವೆ ಗುತ್ತಿಗೆದಾರನಿಲ್ಲ ಎಂದು ಹೇಳಿದೆ. ಆದರೆ ಹುಡುಗ ಕೇಳಿದ್ದು ನ್ಯಾಯದ ಪ್ರಶ್ನೆ. ಹಂಗಾಮಿ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಸುಪ್ರೀಂ ಕೋರ್ಟ್ 2016ರ ಪಂಜಾಬ್ ಪ್ರಕರಣದಲ್ಲಿ ಹೇಳಿದೆ; 2025ರಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲೂ ಹೇಳಿತು. ಅವನ್ನೂ ತರಗತಿಯಲ್ಲಿ ಚರ್ಚಿಸಿದೆವು.

ಯುಜಿಸಿಯ 2018ರ ನಿಯಮಗಳೂ ಸ್ಪಷ್ಟವಾಗಿವೆ. ಗುತ್ತಿಗೆ ನೇಮಕಾತಿ ಅನಿವಾರ್ಯವಾದಾಗ ಮಾತ್ರ. ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದು. ಆಯ್ಕೆಯ ವಿಧಾನ ಕಾಯಂ ಅಧ್ಯಾಪಕರಿಗೆ ಇರುವಂಥದ್ದೇ. ವೇತನ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ವೇತನಕ್ಕಿಂತ ಕಡಿಮೆ ಇರಬಾರದು. ಅತಿಥಿ ಉಪನ್ಯಾಸಕರು ಎಂದು ಬೇರೆ ಹೆಸರಿಟ್ಟುಬಿಟ್ಟರೆ ಈ ಯಾವುದೂ ತಟ್ಟುವುದಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2022ರ ಜನವರಿಯವರೆಗೆ ಅರ್ಹತೆ ಇದ್ದವರಿಗೂ ತಿಂಗಳಿಗೆ 13,000 ರೂಪಾಯಿ ಇತ್ತು. ಅದು 30,000ದ ಆಚೀಚೆಗೆ ಏರಿತು, ಜೊತೆಗೆ ವಾರದ ಕಾರ್ಯಭಾರವೂ 15 ಗಂಟೆಗೆ ಏರಿತು. ಒಬ್ಬರಿಗೇ ಹೆಚ್ಚು ಗಂಟೆ ಕೊಟ್ಟಾಗ ಉಳಿದ ಹಲವರು ಮನೆಗೆ ಹೋದರು. 2023ರ ಕೊನೆಯಲ್ಲಿ ವಾರಗಟ್ಟಲೆ ಮುಷ್ಕರ, ಆಮೇಲೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಒಂದಿಷ್ಟು ಗೌರವಧನ ಹೆಚ್ಚಿತು, ಸೇವಾ ಭದ್ರತೆಯ ಮಾತು ಹಾಗೇ ಉಳಿಯಿತು. ಕಾಯಂ ಮಾಡಿ ಎಂದು ಕೇಳಿದಾಗಲೆಲ್ಲ 2006ರ ಉಮಾದೇವಿ ಪ್ರಕರಣವನ್ನು ಎದುರಿಗೆ ಇಡುತ್ತಾರೆ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಶುರುವಾದ ಪ್ರಕರಣ ಅದು. ಹಿಂಬಾಗಿಲ ನೇಮಕಾತಿ ಕೂಡದೆಂಬ ಅದರ ತತ್ವಕ್ಕೆ ನನ್ನ ತಕರಾರಿಲ್ಲ. ಎನ್‌ಇಟಿ ಪಾಸಾಗಿ, ಪಿಎಚ್.ಡಿ. ಮುಗಿಸಿ, ಪ್ರತಿ ವರ್ಷ ಸಂದರ್ಶನ ಎದುರಿಸಿ ಬರುವವರಿಗೆ ಮುಂಬಾಗಿಲನ್ನು ತೆರೆಯಿರಿ ಎಂದಷ್ಟೇ ಕೇಳುತ್ತೇನೆ. ಖಾಲಿ ಹುದ್ದೆಗಳಿಗೆ ನೇಮಕಾತಿ ನಡೆಯಲಿ, ನಾವು ಸ್ಪರ್ಧಿಸುತ್ತೇವೆ.

ಅದು ಸರ್ಕಾರದ ಮಟ್ಟದ ಕೆಲಸ, ಹಣಕಾಸು ಇಲಾಖೆ ಒಪ್ಪಬೇಕು, ವರ್ಷಗಳೇ ಹಿಡಿಯಬಹುದು. ಆದರೆ ವಿಶ್ವವಿದ್ಯಾಲಯಗಳು ತಾವೇ ಮಾಡಬಹುದಾದದ್ದೂ ಇದೆ. ಫೀಲ್ಡ್‌ವರ್ಕ್ ಮೇಲ್ವಿಚಾರಣೆಯನ್ನು ಪೂರ್ತಿ ಗಂಟೆಗಳಾಗಿ ಕಾರ್ಯಭಾರದಲ್ಲಿ ಹಿಡಿಯಬೇಕು. ವಿಜ್ಞಾನ ವಿಭಾಗಗಳಲ್ಲಿ ಪ್ರಯೋಗಾಲಯದ ಗಂಟೆಯನ್ನು ಹಿಡಿಯುವುದಿಲ್ಲವೇ? ಪ್ರತಿ ಊರಿಗೆ, ಪ್ರತಿ ಸಂಸ್ಥೆಗೆ ವಿಭಾಗದಲ್ಲೇ ಒಂದು ಕಡತ ಇರಬೇಕು. ಅಲ್ಲಿ ಯಾರ ಜೊತೆ ಏನು ಕೆಲಸ ನಡೆದಿದೆ, ಏನು ಮಾತು ಕೊಟ್ಟಿದ್ದೇವೆ, ಏನು ಬಾಕಿ ಇದೆ ಎಂಬುದೆಲ್ಲ ಅದರಲ್ಲಿರಬೇಕು. ಈಗ ಅದು ಹೊರಹೋದ ಅಧ್ಯಾಪಕರ ಫೋನಿನಲ್ಲಿರುತ್ತದೆ.

ಮೂರನೆಯದು ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯ. ಗುತ್ತಿಗೆ ಅಧ್ಯಾಪಕರ ಕೆಲಸವನ್ನು ಪರಿಶೀಲಿಸಿ ಮತ್ತೊಂದು ವರ್ಷಕ್ಕೆ ಮರುನೇಮಕ ಮಾಡಿಕೊಳ್ಳಲು ಯುಜಿಸಿ ನಿಯಮದಲ್ಲೇ ಅವಕಾಶವಿದೆ. ಅದೇ ಕ್ರಮವನ್ನು ಅತಿಥಿ ಉಪನ್ಯಾಸಕರಿಗೂ ಅನ್ವಯಿಸಲಿ. ಪರಿಶೀಲನೆ ಆದೇಶ ಮುಗಿದ ಮೇಲೆ ಏಕೆ, ಎರಡನೇ ಸೆಮಿಸ್ಟರಿನ ಪರೀಕ್ಷೆಗೆ ಮುನ್ನವೇ ಆಗಲಿ. ವಿದ್ಯಾರ್ಥಿಗಳನ್ನೂ ಕೇಳಿ, ಬಾಲಮಂದಿರದ ಅಧೀಕ್ಷಕರನ್ನೂ ಕೇಳಿ, ಬೇಕಿದ್ದರೆ ಅಂಗನವಾಡಿ ಮುಂದೆ ಕೂತ ಹೆಂಗಸರನ್ನೂ ಕೇಳಿ. ಕೆಲಸ ಸರಿಯಿಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಿ, ಹಳಬರು ಒಂದು ತಿಂಗಳು ಜೊತೆಗಿದ್ದು ಎಲ್ಲವನ್ನೂ ಒಪ್ಪಿಸಿ ಹೋಗಲಿ. ಸರಿಯಿದ್ದರೆ ಆ ತಂಡದ ನಾಲ್ಕು ಸೆಮಿಸ್ಟರ್ ಮುಗಿಯುವವರೆಗೆ ಅದೇ ಅಧ್ಯಾಪಕರನ್ನು ಉಳಿಸಿಕೊಳ್ಳಿ. ಇದಕ್ಕೆ ದೊಡ್ಡ ಮೊತ್ತ ಬೇಕಿಲ್ಲ, ಹೊಸ ಹುದ್ದೆ ಮಂಜೂರಾಗಬೇಕಿಲ್ಲ. ಅಧ್ಯಯನ ಮಂಡಳಿಯ ಮುಂದಿನ ಸಭೆಯಲ್ಲಿ ಯಾರಾದರೂ ಒಬ್ಬ ಕಾಯಂ ಪ್ರಾಧ್ಯಾಪಕರು ಈ ವಿಷಯವನ್ನು ಮಂಡಿಸಬೇಕು. ಅಲ್ಲಿ ನಮಗೆ ಕುರ್ಚಿಯಿಲ್ಲ, ಅವರಿಗಿದೆ.