ಫೋಟೊದಲ್ಲಿರುವವರೂ ಓದಲಿ

ಸೇವಾಸಂಸ್ಥೆಗಳು ಹೊಸ ದಾನಿಗಳನ್ನು ಹುಡುಕುತ್ತ ಜಾಲತಾಣ, ಫೇಸ್‌ಬುಕ್, ಯೂಟ್ಯೂಬ್‌ಗೆ ಬರುವುದು ತಪ್ಪಲ್ಲ. ದೀಪವನ್ನು ಕೊಳಗದಡಿ ಮುಚ್ಚಿಡಬೇಕಾಗಿಲ್ಲ. ಆದರೆ ಅಲ್ಲಿ ಯಾರನ್ನು ತೋರಿಸುತ್ತೇವೆ, ಯಾರ ಭಾಷೆಯಲ್ಲಿ?

ಅಕ್ಕಲಕೋಟ ತಾಲೂಕಿನ ನಾಗಣಸೂರನ್ನೇ ನೋಡಿ. ಮನೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮರಾಠಿ. (ಅಕ್ಕಲಕೋಟ ಮೈಸೂರಿಗೆ ಸೇರಲೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತ್ತು; ಸೇರಲಿಲ್ಲ, ಮಾತು ಉಳಿಯಿತು.) ಇಂಥ ಊರಿನ ತಾಯಿಯೊಬ್ಬಳ ಫೋಟೊ ಸಂಸ್ಥೆಯೊಂದರ ಪುಟದಲ್ಲಿ ಬಂತೆನ್ನಿ. ಕೆಳಗೆ ಇಂಗ್ಲಿಷಿನಲ್ಲಿ ‘ದಿಕ್ಕಿಲ್ಲದ ವಿಧವೆ’ ಎಂದಿದೆ. ದೂರದ ದಾನಿ ಓದುತ್ತಾನೆ, ಆಕೆ ಓದಲಾರಳು. ಅದನ್ನೇ ಕನ್ನಡದಲ್ಲಿ ಬರೆಯಬೇಕಾಗಿದ್ದರೆ ಕೈ ತುಸು ತಡೆಯುತ್ತಿತ್ತು. ಮಗ ಮೊಬೈಲಿನಲ್ಲಿ ಓದಿ ಹೇಳಿಯಾನು, ಓಣಿಯವರು ಕೇಳಿಯಾರು!

ಒಪ್ಪಿಗೆ ಪಡೆದಿದ್ದೇವೆ ಎನ್ನುತ್ತಾರೆ. ನೆರವು ಕೊಡುವವರೇ ಎದುರಿಗೆ ಕೂತು ಕೇಳಿದರೆ ಬೇಡವೆನ್ನುವ ಧೈರ್ಯ ಯಾರಿಗಿದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವಿರಬೇಕು, ಕನ್ನಡವೂ ಅದರಲ್ಲಿದೆ. 18 ವರ್ಷದೊಳಗಿನವರಿಗೆ ಪಾಲಕರ ಒಪ್ಪಿಗೆ ಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಇದನ್ನು ಆ ತಾಯಿಗೆ ಹೇಳಿದವರುಂಟೇ?

ಕನ್ನಡ ಪುಟದಿಂದ ದಾನ ಬರದು ಎಂದು ಲೆಕ್ಕ ಹಾಕುವವರಿದ್ದಾರೆ. ಇರಬಹುದು. ಅಲ್ಲಿಗೆ ಬರುವವರು ಬೇರೆ: ಹೊಲಿಗೆ ತರಬೇತಿ ಯಾವಾಗ, ಅರ್ಜಿ ಯಾರ ಕೈಗೆ ಕೊಡಬೇಕು ಎಂದು ಕೇಳುವವರು. ನಮ್ಮೂರ ಹೆಸರಿನಲ್ಲಿ ಬಂದ ಹಣವೆಷ್ಟು ಎಂದೂ ಕೆಲವರು ಕೇಳಿಯಾರು.