ಏಳನೆಯ ವರ್ಷದ ಹೊಲ

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ವರ್ಷ ಮುಗಿಯುವ ಹೊತ್ತಿಗೆ ಬೀಳ್ಕೊಡುಗೆಯ ಸಭೆಗಳು. ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ‘ಇನ್ನು ನಿಮಗೆ ವಿಶ್ರಾಂತಿ’ ಎನ್ನುತ್ತೇವೆ. ಮರುವಾರವೇ ‘ಹೇಗೂ ಪುರುಸೊತ್ತಿದೆಯಲ್ಲ ಟೀಚರ್’ ಎಂದು ಶುರು ಮಾಡುತ್ತೇವೆ. ಧರ್ಮೋಪದೇಶ ಕಲಿಸಬೇಕು, ವಾರ್ಡಿನ ಲೆಕ್ಕ ಬರೆಯಬೇಕು, ಮೊಮ್ಮಕ್ಕಳನ್ನು ನೋಡಿಕೊಳ್ಳಬೇಕು.

ನಮ್ಮ ನಡುವಿನ ಒಬ್ಬ ಟೀಚರ್ 56ಕ್ಕೆ ನಿವೃತ್ತರಾದರು. ಚಿಕ್ಕಂದಿನಲ್ಲಿ ಹಬ್ಬದ ಬಲಿಪೂಜೆಯಲ್ಲಿ ವಯೊಲಿನ್ ಕೇಳಿ, ಕಲಿಯಬೇಕೆಂದು ಆಸೆಪಟ್ಟವರು. ಆಗ ಮನೆಯಲ್ಲಿ ದುಡ್ಡಿರಲಿಲ್ಲ. ಕೆಲಸ ಸಿಕ್ಕಿದ ಮೇಲೆ ಸಮಯವಿರಲಿಲ್ಲ. ನಿವೃತ್ತಿಯ ಹಣದಿಂದ ಒಂದು ವಯೊಲಿನ್ ಕೊಂಡರು. ಕಲಿಸುವವಳು ಅವರದೇ ಹಳೆಯ ವಿದ್ಯಾರ್ಥಿನಿ. ಮಗ್ಗಿ ತಪ್ಪಿದ್ದಕ್ಕೆ ಬೈಸಿಕೊಂಡಿದ್ದ ಹುಡುಗಿ ಈಗ ‘ಮೊಣಕೈ ಒಳಗೆ ತನ್ನಿ ಟೀಚರ್’ ಎಂದು ತಿದ್ದುತ್ತಿದ್ದಳು.

ನಾಲ್ಕು ತಿಂಗಳಾಗಿತ್ತು. ಬೆಂಗಳೂರಿನಿಂದ ಮಗಳ ಫೋನ್: ‘ಅಮ್ಮಾ, ಹೆರಿಗೆ ರಜೆ ಮುಗಿಯಿತು. ನೀನು ಬಂದು ಮಗುವನ್ನು ನೋಡಿಕೊ.’ ಟೀಚರ್ ನಮ್ಮಲ್ಲಿ ಕೇಳಿದರು: ‘ಹೋಗದಿದ್ದರೆ ಪಾಪವೇ? ಹೋದರೆ ನಾನು ಇನ್ನು ಕಲಿಯುವುದು ಯಾವಾಗ?’

ತ್ಯಾಗವೇ ಕ್ರೈಸ್ತ ಜೀವನ, ಹೋಗಿ ಎನ್ನಬಹುದಿತ್ತು. ಇಷ್ಟು ವರ್ಷ ಊರಿಗಾಗಿ ದುಡಿದಿರಿ, ಇನ್ನು ನಿಮಗಾಗಿ ಬದುಕಿ ಎನ್ನಲೂಬಹುದಿತ್ತು. ಎರಡೂ ನಮಗೆ ಅರ್ಧ ಉತ್ತರವಾಗಿ ಕಂಡವು.

ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಹೊಲಕ್ಕೂ ವಿಶ್ರಾಂತಿಯ ನಿಯಮವಿದೆ. ಆರು ವರ್ಷ ಬಿತ್ತಬೇಕು. ಏಳನೆಯ ವರ್ಷ ಭೂಮಿಯನ್ನು ಬಿಟ್ಟುಬಿಡಬೇಕು. ಹಾಗೆ ಬಿಟ್ಟ ಹೊಲ ಸತ್ತದ್ದಲ್ಲ, ಅಲ್ಲಿಯೂ ತಾನಾಗಿಯೇ ಏನೋ ಬೆಳೆಯುತ್ತದೆ. ಅದು ಒಡೆಯನಿಗೆ, ಆಳಿಗೆ, ಪರದೇಶಿಗೆ, ದನಕರುಗಳಿಗೆ, ಕಾಡುಪ್ರಾಣಿಗಳಿಗೂ ಆಹಾರ. ಅಂದರೆ ಆ ಹೊಲವನ್ನು ಉಳುವ ಹಕ್ಕು ಯಾರಿಗೂ ಇಲ್ಲ; ಅದರಲ್ಲಿ ಬೆಳೆದದ್ದನ್ನು ಬೇಲಿ ಹಾಕಿ ಕಾಯುವ ಹಕ್ಕು ಒಡೆಯನಿಗೂ ಇಲ್ಲ.

ನಿವೃತ್ತರ ಕಾಲವೂ ಹಾಗೆಯೇ ಎಂದು ನಮಗೆ ತೋರುತ್ತದೆ. ಖಾಲಿ ಕಂಡಿತೆಂದು ಮನೆಯವರಾಗಲಿ ಇಗರ್ಜಿಯವರಾಗಲಿ ಅಲ್ಲಿ ನೇಗಿಲು ಹೂಡಬಾರದು. ಕನಸಿನ ಬೆನ್ನು ಹತ್ತಿದವರು ‘ಇದು ನನ್ನದು ಮಾತ್ರ’ ಎಂದು ಗೇಟಿಗೆ ಬೀಗ ಹಾಕಲೂಬಾರದು.

ಟೀಚರ್ ಆರು ತಿಂಗಳಿಗೆಂದು ಹೋದರು. ವಯೊಲಿನ್ ಪೆಟ್ಟಿಗೆಯನ್ನೂ ಒಯ್ದರು. ದಿನಕ್ಕೆ ಒಂದು ಗಂಟೆ ಮಗುವನ್ನು ಅಳಿಯ ನೋಡಿಕೊಳ್ಳಬೇಕೆಂದು ಮೊದಲೇ ಹೇಳಿದರು. ಮಗಳಿಗೆ ಆ ಮಾತಿನಿಂದ ಬೇಸರವಾಯಿತಂತೆ. ಹೇಳದೆ ಒಳಗೊಳಗೇ ಕೊರಗುವುದಕ್ಕಿಂತ ಅದು ಲೇಸೆಂದು ನಾವು ಎಣಿಸುತ್ತೇವೆ.

ಇಷ್ಟೂ ಹೇಳುವಾಗ ಒಂದು ಅಳುಕಿದೆ. ಅನುದಾನರಹಿತ ಶಾಲೆಗಳಲ್ಲಿ ಕಲಿಸಿ ಪಿಂಚಣಿಯಿಲ್ಲದೆ ಮನೆಗೆ ಬಂದವರು ನಮ್ಮ ಧರ್ಮಕೇಂದ್ರದಲ್ಲೇ ಇದ್ದಾರೆ. ಅವರಿಗೆ ಏಳನೆಯ ವರ್ಷವೇ ಬರುವುದಿಲ್ಲ. ಸಂಜೆಯ ಟ್ಯೂಷನ್ ನಿಂತರೆ ಅಡುಗೆಮನೆ ನಿಲ್ಲುತ್ತದೆ. ಪಿಂಚಣಿ ಬರುವ ನಮ್ಮ ಹೊಲದ ಫಲದಲ್ಲಿ ಅವರಿಗೂ ಪಾಲಿದೆ ಎಂಬುದನ್ನು ಮರೆಯಬಾರದು.

ಈಗಿನ್ನೂ ಕಲಿಸುತ್ತಿರುವವರಿಗೆ ಒಂದು ಮಾತು. ನಮ್ಮ ನೆಲದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ತಮ್ಮ ಆತ್ಮಕಥೆಗೆ ‘ದುಡಿತವೆ ನನ್ನ ದೇವರು’ ಎಂದು ಹೆಸರಿಟ್ಟರು. ದುಡಿಮೆಯನ್ನು ಅಷ್ಟು ಗೌರವಿಸಿದವರು ಅಧ್ಯಾಪಕರಾಗಿದ್ದಾಗಲೇ ಕೃಷಿಕರೂ ಕವಿಯೂ ಆಗಿದ್ದರು. ಕವಿತೆಯನ್ನು ನಿವೃತ್ತಿಯವರೆಗೆ ಎತ್ತಿಡಲಿಲ್ಲ. ಎಲ್ಲವನ್ನೂ 56ರ ಆಚೆಗೆ ದೂಡಿದರೆ ಆಗ ಬೆರಳು ಮಣಿಯುತ್ತದೋ ಇಲ್ಲವೋ, ದೇವರೇ ಬಲ್ಲರು.

ಮುಂದಿನ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದ ಮೇಲೆ ‘ಇಷ್ಟು ವರ್ಷ ಮಾಡಲಾಗದೆ ಉಳಿದದ್ದು ಏನು?’ ಎಂದು ನಾವು ಕೇಳೋಣ. ಕೇಳಿದ ಮೇಲೆ, ಉತ್ತರ ಬರುವವರೆಗೆ ಸ್ವಲ್ಪ ಕಾಯೋಣ.