ಸುಳ್ಳಿನ ವ್ರತ

ಸದಾ ಸತ್ಯವನ್ನೇ ನುಡಿಯುವವರು, ಸದಾ ಸುಳ್ಳನ್ನೇ ಆಡುವವರು ಎಂಬ ಎರಡೇ ಪಂಗಡದವರಿರುವ ಕಲ್ಪಿತ ಊರಿನ ಒಗಟುಗಳನ್ನು ಸಭೆಗಳಲ್ಲಿ ಉದಾಹರಿಸಿ, ‘ನಾನು ಸುಳ್ಳುಗಾರ’ ಎಂದವನ ಮಾತು ನಿಜವೂ ಆಗದು, ಸುಳ್ಳೂ ಆಗದು, ಆದುದರಿಂದ ಸತ್ಯವೆಂಬುದೇ ಮರೀಚಿಕೆ ಎಂದು ತೀರ್ಮಾನಿಸುವ ವಾಗ್ಮಿಗಳು ನಮ್ಮಲ್ಲಿ ಹಲವರಿದ್ದಾರೆ. ಬಾದಾಮಿಯ ನಾಲ್ಕನೆಯ ಗುಹೆಯ ಜಿನಬಿಂಬಗಳೆದುರು ನಿಂತು ಪ್ರತಿಯೊಂದು ಹೇಳಿಕೆಯೂ ಒಂದು ದೃಷ್ಟಿಯಿಂದಷ್ಟೇ ನಿಜವೆನ್ನುವ ಜೈನರ ಸ್ಯಾದ್ವಾದವನ್ನೂ ಇದಕ್ಕೆ ಗಂಟುಹಾಕುವವರುಂಟು. ಒಗಟು ಹೇಳುವುದು ತೀರ ಬೇರೆ.

ಬಾಗಲಕೋಟೆಯಿಂದ ಹುನಗುಂದಕ್ಕೆ ಹೊರಟವನು ಅಮೀನಗಡದಲ್ಲಿ ಐಹೊಳೆಯ ದಾರಿ ಕವಲೊಡೆಯುವಲ್ಲಿ ನಿಂತನೆನ್ನಿ; ಕರದಂಟಿನ ಅಂಗಡಿಯ ಕಟ್ಟೆಯ ಮೇಲೆ ಕುಳಿತವನು ಯಾವ ಪಂಗಡದವನೋ ತಿಳಿಯದು, ಕೇಳಬಹುದಾದುದು ಒಂದೇ ಪ್ರಶ್ನೆ. ‘ಐಹೊಳಿ ದಾರಿ ಇದ ಏನ್ರಿ ಅಂತ ಕೇಳಿದ್ರ, ನೀವು ಹೌದು ಅಂತಿದ್ರೇನ್ರಿ?’ ಎಂದರೆ ಸಾಕು. ಸತ್ಯವಂತನ ಉತ್ತರ ಸರಳ. ಸುಳ್ಳುಗಾರನಾದರೋ, ದಾರಿ ಅದೇ ಆಗಿದ್ದರೆ, ನೇರ ಪ್ರಶ್ನೆಗೆ ‘ಅಲ್ಲ’ ಎನ್ನುತ್ತಿದ್ದನು; ಹಾಗೆ ಎನ್ನುತ್ತಿದ್ದೆನೆಂಬುದನ್ನೂ ಈಗ ಮರೆಮಾಚಬೇಕಾದುದರಿಂದ ‘ಹೌದ್ರಿ’ ಎಂದೇ ಬಿಡುವನು. ಒಂದು ಸುಳ್ಳು ಇನ್ನೊಂದನ್ನು ಅಳಿಸಿಹಾಕುತ್ತದೆ. ದಾರಿ ಬೇರೆಯಾಗಿದ್ದರೆ ಇಬ್ಬರ ಬಾಯಲ್ಲೂ ‘ಇಲ್ರಿ’.

ವ್ರತ ಹಿಡಿದು ಸುಳ್ಳಾಡುವವನು ಹೀಗೆ ಸತ್ಯವಂತನಷ್ಟೇ ವಿಶ್ವಾಸಾರ್ಹನು. ಅವನ ಮಾತನ್ನು ತಿರುವಿಹಾಕಿಕೊಂಡರಾಯಿತು. ನಮ್ಮನ್ನು ಕೆಡಿಸುವವನು, ಇಳಕಲ್ಲ ಸೀರೆಯ ಬಣ್ಣದ ವಿಷಯದಲ್ಲಿ ನಿಜ ನುಡಿದು ಸೆರಗಿನ ರೇಷ್ಮೆಯ ವಿಷಯದಲ್ಲಿ ಸುಳ್ಳಾಡುವ ದಲ್ಲಾಳಿ. ಆ ಕಲ್ಪಿತ ಊರಿನಲ್ಲಿ ‘ನಾನು ಸುಳ್ಳುಗಾರ’ ಎನ್ನಬಲ್ಲವರೇ ಇಲ್ಲ: ಸತ್ಯವಂತನು ಅಂದರೆ ಅದು ಸುಳ್ಳಾಗುತ್ತದೆ, ಸುಳ್ಳುಗಾರನು ಅಂದರೆ ನಿಜವಾಗುತ್ತದೆ. ಯಾರಾದರೂ ಹಾಗೆಂದರೆ ಊರಿನಲ್ಲಿ ಮೂರನೆಯ ಪಂಗಡವೊಂದಿದೆಯೆಂದು ತಿಳಿಯಬೇಕು. ಸತ್ಯಕ್ಕೆ ಅದರಿಂದ ಏನೂ ಆಗದು.

ತನ್ನನ್ನೇ ಸುಳ್ಳೆನ್ನುವ ಮಾತಿನ ತೊಡಕಿಗೆ ಮದ್ದಾಗಿ ಪೋಲೆಂಡಿನ ತಾರ್ಕಿಕ ಟಾರ್ಸ್ಕಿಯು 1933ರಲ್ಲಿ, ಒಂದು ಭಾಷೆಯ ವಾಕ್ಯಗಳ ಸತ್ಯವನ್ನು ನಿರೂಪಿಸಲು ಅದರ ಮೇಲಿನ ಇನ್ನೊಂದು ಭಾಷೆ ಬೇಕೆಂದು ವಿಧಿಸಿ, ಆಡುಮಾತಿಗೆ ಈ ಕಟ್ಟುಪಾಡು ಒಗ್ಗದೆಂದು ಆಡುಮಾತನ್ನೇ ಕೈಬಿಟ್ಟನು. ರೋಗಿಯನ್ನು ಬಿಟ್ಟ ಈ ವೈದ್ಯವು ನನಗೆ ರುಚಿಸದು. ಆತನಿಗಿಂತ ಸುಮಾರು ಒಂದೂವರೆ ಸಹಸ್ರ ವರ್ಷಗಳ ಹಿಂದೆಯೇ ವೈಯಾಕರಣ ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ, ತಾನಾಡುವುದೆಲ್ಲ ಸುಳ್ಳೆನ್ನುವವನು ಆ ವಾಕ್ಯವನ್ನೇ ವಿವಕ್ಷಿಸಿರುವುದಿಲ್ಲವೆಂದು ತೋರಿಸಿ, ಲೋಕವ್ಯವಹಾರದ ಮಾನವನ್ನುಳಿಸಿದನು.

ಇನ್ನು, ಮಾತು ತನ್ನನ್ನೇ ಕುರಿತು ನುಡಿಯುವುದೇ ದೋಷವೆನ್ನುವವರು ಐಹೊಳೆಯ ಮೇಗುಟಿ ಜಿನಾಲಯಕ್ಕೆ ಹೋಗಬೇಕು. ಶಕ 556ರ, ಎಂದರೆ ಕ್ರಿ.ಶ. 634–35ರ ಅಲ್ಲಿನ ಶಾಸನದಲ್ಲಿ ಜೈನಕವಿ ರವಿಕೀರ್ತಿಯು, ಈ ಪ್ರಶಸ್ತಿಯನ್ನು ರಚಿಸಿದವನೂ ಈ ಜಿನಾಲಯವನ್ನು ಕಟ್ಟಿಸಿದವನೂ ತಾನೇ ಎಂದು ಪ್ರಶಸ್ತಿಯ ಬಾಯಿಂದಲೇ ಹೇಳಿಸಿದ್ದಾನೆ. ಯಾವ ತರ್ಕವೂ ಅದರಿಂದ ಮುರಿದುಬೀಳಲಿಲ್ಲ. ಕಾಳಿದಾಸ ಭಾರವಿಗಳ ಕೀರ್ತಿಯನ್ನು ಪಡೆದವನು ತಾನೆಂದು ಅವನು ಅಲ್ಲಿಯೇ ಹೇಳಿಕೊಂಡಿರುವುದು ನಿಜವೋ ಸುಳ್ಳೋ ಎಂಬುದನ್ನು ಕಾವ್ಯವನ್ನೋದಿಯೇ ನಿರ್ಣಯಿಸಬೇಕು. ಭಾರವಿಯ ಮಟ್ಟಿಗೆ ನಾನು ಒಪ್ಪುವೆನು.